ತೂಕ ಹೇಳಿದಿರಿ, ಬೆಳೆದವರ ಹೆಸರನ್ನೂ ಹೇಳಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಅಕ್ಟೋಬರ್ ಎರಡನೇ ವಾರದ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ದೊಡ್ಡ ಕುಂಬಳಕಾಯಿಯ ಚಿತ್ರ ಬಂದಿತ್ತು. ಕೆಳಗೆ ಒಂದೇ ಸಾಲು: ಇಂಗ್ಲೆಂಡಿನಲ್ಲಿ 1,278 ಕೆಜಿಯ ಕುಂಬಳಕಾಯಿ, ವಿಶ್ವದಾಖಲೆ. ಕಾಯಿಯ ಪಕ್ಕ ಇಬ್ಬರು ನಿಂತಿದ್ದರು. ಅವರು ಯಾರು ಅಂತ ಮಾತ್ರ ಬರೆದಿರಲಿಲ್ಲ. ನಾನು ಮಗನಿಗೆ ಫೋನ್ ಮಾಡಿ ಕೇಳಿದೆ. ಅವರು ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಎಂಬ ಅವಳಿ ಅಣ್ಣತಮ್ಮಂದಿರು. ಸುಮಾರು ಐವತ್ತು ವರ್ಷದಿಂದ ಕುಂಬಳ ಬೆಳೆಯುತ್ತಿದ್ದಾರಂತೆ. ಐವತ್ತು ವರ್ಷ ಒಂದೇ ಬಳ್ಳಿಯ ಹಿಂದೆ ಬಿದ್ದವರ ಹೆಸರು ಬಿಟ್ಟು ಕಾಯಿಯ ತೂಕ ಮಾತ್ರ ಅಚ್ಚಾಯಿತಲ್ಲ ಅಂತ ನನಗೆ ಬೇಜಾರಾಯಿತು. ಅದಕ್ಕೇ ಈ ಪತ್ರ.

ನಾನು ಸಾಗರ ತಾಲ್ಲೂಕಿನವಳು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಈಗ ಹಿತ್ತಲೇ ನನ್ನ ಶಾಲೆ. ಮಗ ಸೊಸೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫ್ರೀಮಾಂಟ್ ಎಂಬ ಊರಲ್ಲಿದ್ದಾರೆ. 2023ರಲ್ಲಿ ನಾನೂ ನಮ್ಮನೆಯವರೂ ಐದು ತಿಂಗಳು ಅಲ್ಲಿದ್ದೆವು. ಮನೆಯೊಳಗೆ ಕೂತು ಕೂತು ನನಗೆ ಕೈಕಾಲು ಜೋಮು ಹಿಡಿದಂತಾಗಿತ್ತು. ಅಕ್ಟೋಬರ್ ಬಂತು. ಊರಲ್ಲಿ ಗದ್ದೆಗಳೆಲ್ಲ ಹಾಲುಗಾಳಾಗುವ ಹೊತ್ತು. ಮಗ ಒಂದು ದಿನ, "ಅಮ್ಮ, ಸೋಮವಾರ ರಜೆ ಇದೆ. ನಿನಗೆ ಇಷ್ಟವಾಗುವ ಜಾಗಕ್ಕೆ ಕರೆದುಕೊಂಡು ಹೋಗ್ತೀನಿ, ಬೇಗ ಏಳಬೇಕು" ಅಂದ.

ಆ ಜಾಗದ ಹೆಸರು ಹಾಫ್ ಮೂನ್ ಬೇ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಸಮುದ್ರದ ದಂಡೆಯ ಸಣ್ಣ ಊರು. ಸ್ಯಾನ್ ಮಟೇಯೊ ಸೇತುವೆ ದಾಟಿ, ಗುಡ್ಡ ಹತ್ತಿ ಇಳಿದರೆ ಸಿಗುತ್ತದೆ. ಗುಡ್ಡ ಇಳಿಯುವಾಗ ರಸ್ತೆಯ ಎರಡೂ ಬದಿಯ ಹೊಲದಲ್ಲಿ ಕಿತ್ತಳೆ ಬಣ್ಣದ ಕುಂಬಳಕಾಯಿಗಳು ಹರಡಿಕೊಂಡಿದ್ದವು. ಮಂಜು ಬೇರೆ. ನನಗೆ ಒಂದು ಕ್ಷಣ ಆಗುಂಬೆ ಕಡೆಯ ಬೆಳಗು ನೆನಪಾಯಿತು.

ಆ ಊರಿನವರು 1971ರಿಂದ ಕುಂಬಳದ ಹಬ್ಬ ಮಾಡುತ್ತಿದ್ದಾರೆ. ಹಳೆಯ ಪೇಟೆ ಬೀದಿಯನ್ನು ಚೆಂದ ಮಾಡಲು ದುಡ್ಡು ಬೇಕಿತ್ತಂತೆ, ಅದಕ್ಕೆ ಶುರುವಾದ ಹಬ್ಬ. 1974ರಿಂದ ತೂಕದ ಸ್ಪರ್ಧೆಯೂ ಸೇರಿಕೊಂಡಿತು. ಸೋಮವಾರ ತೂಕ, ಅದೇ ವಾರದ ಶನಿವಾರ ಭಾನುವಾರ ಹಬ್ಬ. ನಾವು ಹೋದ ಅಕ್ಟೋಬರ್ 9ರಂದು ಐವತ್ತನೇ ತೂಕದ ಸ್ಪರ್ಧೆ.

ಕಾಯಿಗಳು ಟ್ರಕ್ಕಿನಲ್ಲಿ, ಟ್ರೇಲರಿನಲ್ಲಿ ಬಂದಿದ್ದವು. ಒಂದೊಂದಕ್ಕೂ ಕಂಬಳಿ ಹೊದೆಸಿದ್ದರು. ಬಾಣಂತಿ ಮನೆಯ ಮಗುವಿಗೆ ಹೊದೆಸಿದ ಹಾಗೆ! ಕಾಯಿಯ ಸುತ್ತ ಅಗಲವಾದ ಪಟ್ಟಿಗಳನ್ನು ಕಟ್ಟಿ, ಫೋರ್ಕ್‌ಲಿಫ್ಟಿನಿಂದ ಮೆಲ್ಲಗೆ ಎತ್ತಿ ತಕ್ಕಡಿಯ ಮೇಲೆ ಇಳಿಸುತ್ತಾರೆ. ಇಳಿಸುವ ಮೊದಲು ಒಬ್ಬರು ಬಗ್ಗಿ ಕಾಯಿಯ ಅಡಿಯನ್ನೆಲ್ಲ ನೋಡುತ್ತಾರೆ. ಎಲ್ಲಾದರೂ ಒಳಗಿನ ತನಕ ಬಿರುಕು ಬಿಟ್ಟಿದ್ದರೆ, ಕೊಳೆತಿದ್ದರೆ, ಸ್ಪರ್ಧೆಗೆ ಇಲ್ಲ. ಆಮೇಲೆ ಹೆಸರು ಕೂಗುತ್ತಾರೆ. ಇಂಥ ಊರಿನ ಇಂಥವರು. ಆ ಮನುಷ್ಯ ಅಥವಾ ಆ ಹೆಂಗಸು ಮುಂದೆ ಬಂದು ತನ್ನ ಕಾಯಿಯ ಪಕ್ಕ ನಿಲ್ಲಬೇಕು. ಅಂಕಿ ಬಂದ ಕೂಡಲೇ ಜನ ಚಪ್ಪಾಳೆ ತಟ್ಟುತ್ತಾರೆ. ಗೆದ್ದವರಿಗೆ ಮಾತ್ರ ಅಲ್ಲ, ಎಲ್ಲರಿಗೂ.

ಆ ದಿನ ಗೆದ್ದವರು ಮಿನ್ನೆಸೋಟ ರಾಜ್ಯದ ಟ್ರಾವಿಸ್ ಗಿಯೆಂಗರ್. ತೋಟಗಾರಿಕೆ ಕಲಿಸುವ ಮೇಷ್ಟ್ರು. ಮೇಷ್ಟ್ರು ಅಂತ ಗೊತ್ತಾದಾಗ ನನಗೆ ಜಾಸ್ತಿಯೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ದೇಶದ ಆ ಕಡೆಯಿಂದ ಕಾಯಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ತೂಕ 2,749 ಪೌಂಡು, ಅಂದರೆ 1,247 ಕೆಜಿ. ಆಗ ಅದೇ ವಿಶ್ವದಾಖಲೆ. 30,000 ಡಾಲರ್ ಬಹುಮಾನ. ಆ ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಸಲದ ತನಕ ನೀರು ಕೊಟ್ಟಿದ್ದೆ ಅಂತ ಅವರು ಹೇಳಿದ್ದು ಮರುದಿನದ ಪತ್ರಿಕೆಗಳಲ್ಲಿ ಬಂತು. ನೋಡಿ, ಅಲ್ಲಿನ ವರದಿಯಲ್ಲಿ ತೂಕದ ಜೊತೆ ಹೆಸರಿತ್ತು, ಊರಿತ್ತು, ನೀರು ಎಷ್ಟು ಸಲ ಅನ್ನುವುದೂ ಇತ್ತು.

ನನಗೆ ಆ ದಿನ ಮರೆಯಲಾಗದ್ದು ಇನ್ನೊಂದು. ತೂಕ ಮುಗಿದ ಮೇಲೆ ಕಾಯಿಗಳನ್ನು ಹತ್ತಿರದಿಂದ ನೋಡಲು ಹೋದೆವು. ಒಂದು ಕಾಯಿಯ ಹತ್ತಿರ ವಯಸ್ಸಾದ ಬೆಳೆಗಾರರೊಬ್ಬರು ನಿಂತಿದ್ದರು. ಅವರದ್ದು ಬಹುಮಾನದ ಸಾಲಿನಲ್ಲಿ ಇರಲಿಲ್ಲ. ನಾನು ಮುಟ್ಟಬಹುದೇ ಅಂತ ಸನ್ನೆಯಲ್ಲಿ ಕೇಳಿದೆ. ಹೂಂ ಅಂದರು. ಸಿಪ್ಪೆ ನಮ್ಮ ಚೀನಿಕಾಯಿಯ, ಅಂದರೆ ಸಿಹಿಗುಂಬಳದ ಹಾಗೆ ಗಟ್ಟಿ ಇರಲಿಲ್ಲ. ತಣ್ಣಗೆ, ಸ್ವಲ್ಪ ತೇವವಾಗಿ, ಹಸುವಿನ ಮೂತಿ ಮುಟ್ಟಿದ ಹಾಗಿತ್ತು. ತನ್ನ ಭಾರಕ್ಕೆ ತಾನೇ ಕುಸಿದು ಒಂದು ಕಡೆ ಚಪ್ಪಟೆಯಾಗಿತ್ತು. ತೊಟ್ಟು ನನ್ನ ತೋಳಿಗಿಂತ ದಪ್ಪ.

ಮೊಮ್ಮಗಳು ನಮ್ಮಿಬ್ಬರ ಮಾತನ್ನು ಆಚೆ ಈಚೆ ದಾಟಿಸಿದಳು. ಏಪ್ರಿಲ್‌ನಲ್ಲಿ ಮನೆಯೊಳಗೇ ಬೀಜ ಮೊಳಕೆ ಬರಿಸುತ್ತಾರೆ. ಹೆಣ್ಣು ಹೂವು ಅರಳುವ ಹಿಂದಿನ ಸಂಜೆಯೇ ಜೇನು ಒಳಗೆ ಹೋಗದಂತೆ ಕಟ್ಟಿ ಇಡುತ್ತಾರೆ. ಬೆಳಗ್ಗೆ ಬಿಚ್ಚಿ, ತಮಗೆ ಬೇಕಾದ ಬಳ್ಳಿಯ ಗಂಡು ಹೂವನ್ನು ತಂದು ಮುಟ್ಟಿಸುತ್ತಾರೆ. ಒಂದು ಬಳ್ಳಿಗೆ ಒಂದೇ ಕಾಯಿ. ಉಳಿದ ಮಿಡಿಗಳನ್ನೆಲ್ಲ ಚಿವುಟಿ ಹಾಕುತ್ತಾರೆ. ಬಳ್ಳಿಯನ್ನು ಅಲ್ಲಲ್ಲಿ ಮಣ್ಣಿನಲ್ಲಿ ಮುಚ್ಚಿ ಗಿಣ್ಣು ಗಿಣ್ಣಿಗೂ ಬೇರು ಬರಿಸುತ್ತಾರೆ. ಬಿಸಿಲಿಗೆ ಸಿಪ್ಪೆ ಗಡುಸಾದರೆ ಕಾಯಿ ಹಿಗ್ಗಲಾರದೆ ಒಡೆಯುತ್ತದೆ, ಅದಕ್ಕೆ ಮೇಲೆ ಬಟ್ಟೆಯ ನೆರಳು. ಕಾಯಿ ಏರುವ ದಿನಗಳಲ್ಲಿ ದಿನಕ್ಕೆ ಇಪ್ಪತ್ತು ಕೆಜಿಗೂ ಮೇಲೆ ಬೆಳೆಯುತ್ತದೆ. ಒಂದು ದಿನಕ್ಕೆ! ನಮ್ಮ ಹಿತ್ತಲಿನಲ್ಲಿ ಇಡೀ ಮಳೆಗಾಲ ಕಾದರೂ ಒಂದು ಕಾಯಿ ಇಪ್ಪತ್ತು ಕೆಜಿ ಆಗುವುದು ಅಪರೂಪ.

ನಾನೂ ನಮ್ಮ ಕಡೆಯ ಮಾತು ಹೇಳಿದೆ. ಕುಂಬಳದ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆತು ಉದುರುತ್ತದೆ, ಅದಕ್ಕೆ ನಾವು ಬೆರಳು ಮಡಚಿ ತೋರಿಸುತ್ತೇವೆ ಅಂದೆ. ಮೊಮ್ಮಗಳಿಗೆ ಅದನ್ನು ಹೇಳಲು ನಾಚಿಕೆ. ಆದರೂ ಹೇಳಿದಳು. ಆ ಹಿರಿಯರು ನಗಲಿಲ್ಲ. ಗಮನ ಕೊಟ್ಟು ಕೇಳಿದರು. ಆಮೇಲೆ ಪಕ್ಕದ ಕಾಯಿಯ ಬಗ್ಗೆ ಏನೋ ಹೇಳುವಾಗ, ಬೆರಳು ಮಡಚಿ, ಇಡೀ ಮುಷ್ಟಿಯಿಂದ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು.

ಅವರಿಂದಲೇ ಬೀಜದ ಹೆಸರಿನ ವಿಷಯ ತಿಳಿದಿದ್ದು. ಈ ಬೆಳೆಗಾರರಲ್ಲಿ ಬೀಜಕ್ಕೆ ಹೆಸರಿಡುವ ಒಂದು ಕ್ರಮ ಇದೆ. ಮೊದಲು ಆ ಬೀಜ ಬಂದ ಕಾಯಿಯ ತೂಕ, ಆಮೇಲೆ ಬೆಳೆದವರ ಮನೆತನದ ಹೆಸರು, ಜೊತೆಗೆ ವರ್ಷ. ಹೆಣ್ಣು ಹೂವು ಯಾವ ಬಳ್ಳಿಯದು, ಗಂಡು ಹೂವು ಯಾವುದರದು ಅನ್ನುವುದನ್ನೂ ಬರೆದಿಡುತ್ತಾರೆ. ಬೀಜ ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಹೋದರೂ ಬೆಳೆದವರ ಹೆಸರು ಅದರ ಜೊತೆಗೇ ಹೋಗುತ್ತದೆ. ಈಗ ತೂಕಕ್ಕೆ ಬರುವ ಈ ದೈತ್ಯ ಕಾಯಿಗಳ ಮೂಲ ಕೆನಡಾದ ನೋವಾ ಸ್ಕೋಶಿಯಾದ ವಿಂಡ್ಸರ್ ಎಂಬ ಊರಿನ ರೈತ ಹೋವರ್ಡ್ ಡಿಲ್ ಅವರ ಹೊಲ. ವರ್ಷ ವರ್ಷ ಆರಿಸಿ ಆರಿಸಿ ಬೀಜ ಕಟ್ಟಿದವರು. 1979ರಿಂದ 1982ರ ತನಕ ನಾಲ್ಕು ವರ್ಷ ಬಿಡದೆ ದೊಡ್ಡ ಕುಂಬಳದ ವಿಶ್ವ ಸ್ಪರ್ಧೆ ಗೆದ್ದರು. 1981ರಲ್ಲಿ ಅವರು ಬೆಳೆದ ಕಾಯಿ 493.5 ಪೌಂಡು, ಸುಮಾರು 224 ಕೆಜಿ. ಈಗಿನದು ಅದರ ಐದು ಪಟ್ಟಿಗೂ ಮೇಲೆ. ತಳಿಯನ್ನು ಇವತ್ತಿಗೂ ಡಿಲ್ಸ್ ಅಟ್ಲಾಂಟಿಕ್ ಜೈಂಟ್ ಅಂತಲೇ ಕರೆಯುತ್ತಾರೆ. ಒಬ್ಬ ರೈತನ ಹೆಸರು ಬೀಜದಲ್ಲಿ ಉಳಿಯಿತು. ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಕಾಣುವುದಿಲ್ಲ.

ಶನಿವಾರದ ಹಬ್ಬಕ್ಕೂ ಹೋಗಿದ್ದೆವು. ಪೇಟೆಯ ಮುಖ್ಯ ಬೀದಿಗೆ ವಾಹನ ಬಿಟ್ಟಿರಲಿಲ್ಲ. ಒಳಗೆ ಹೋಗಲು ಟಿಕೆಟ್ ಇಲ್ಲ. ಕುಂಬಳದ ಐಸ್‌ಕ್ರೀಮು, ಕುಂಬಳದ ಬ್ರೆಡ್ಡು, ಪೈ ಅನ್ನುವ ಸಿಹಿ ಕಡುಬಿನಂಥದ್ದು. ಊಟ ತಿಂಡಿಯ ಎಷ್ಟೋ ಮಳಿಗೆಗಳನ್ನು ಅಲ್ಲಿನ ಸಂಘಸಂಸ್ಥೆಗಳೇ ನಡೆಸುತ್ತವೆ, ಬಂದ ದುಡ್ಡು ಊರ ಕೆಲಸಕ್ಕೆ ಹೋಗುತ್ತದೆ. ಜನಜಂಗುಳಿ, ಗಾಡಿ ನಿಲ್ಲಿಸಲು ಒದ್ದಾಟ, ಎಲ್ಲ ನಮ್ಮ ಮಾರಿಜಾತ್ರೆಯ ಹಾಗೆಯೇ. ಗೆದ್ದ ಕಾಯಿಗಳನ್ನು ಬೀದಿಯಲ್ಲಿ ಇಟ್ಟಿದ್ದರು. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲು. ಯಾವ ಮಗು ಬಂದರೂ ಬೋರ್ಡು ಓದುತ್ತಿತ್ತು. ಬೋರ್ಡಿನಲ್ಲಿ ಹೆಸರು.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಊರಿಗೆ ವಾಪಸು ಬಂದ ಮರುವರ್ಷ ಹತ್ತಿರದಲ್ಲೇ ಒಂದು ಕೃಷಿ ಕಾರ್ಯಕ್ರಮ ನಡೆಯಿತು. ಯಾವುದು ಅಂತ ಹೇಳುವುದು ಬೇಡ. ಸಂಘಟಕರು ಮನೆಮನೆಗೆ ಬಂದು, ಹಿತ್ತಲಲ್ಲಿ ಬೆಳೆದದ್ದು ಏನಾದರೂ ಇದ್ದರೆ ಕೊಡಿ, ಪ್ರದರ್ಶನಕ್ಕೆ ಇಡುತ್ತೇವೆ ಅಂದರು. ಆ ವರ್ಷ ನನ್ನ ಬಳ್ಳಿಯಲ್ಲಿ ಹದಿನೆಂಟು ಕೆಜಿಯ ಒಂದು ಚೀನಿಕಾಯಿ ಬಂದಿತ್ತು. ಅಡಿಕೆ ವ್ಯಾಪಾರದವರ ತಕ್ಕಡಿಯಲ್ಲಿ ತೂಗಿಸಿದ್ದೆ. ಒಂದು ಚೀಟಿಯಲ್ಲಿ ಹೆಸರು, ಊರು, ತೂಕ, ಬೀಜ ಎಲ್ಲಿಯದು ಎಲ್ಲ ಬರೆದು ತೊಟ್ಟಿಗೆ ಕಟ್ಟಿ ಕಳಿಸಿದೆ. ಅಲ್ಲಿಗೆ ಹೋಗಿ ನೋಡಿದರೆ ಕಾಯಿ ವೇದಿಕೆಯ ಮುಂದೆ, ಬಾಳೆಗೊನೆಯ ಪಕ್ಕ ಅಲಂಕಾರಕ್ಕೆ ಕೂತಿತ್ತು. ಚೀಟಿ ಇರಲಿಲ್ಲ. ಚೆಂದ ಕಾಣುವುದಿಲ್ಲ ಅಂತ ತೆಗೆದರಂತೆ. ಮೂರು ಗಂಟೆ ಭಾಷಣ ನಡೆಯಿತು. ಅತಿಥಿಗಳಿಗೆಲ್ಲ ಶಾಲು, ಹಾರ. ಯಾರೂ ಆ ಕಾಯಿಯ ಕಡೆ ತಿರುಗಿ ಇದು ಯಾರದ್ದು, ಯಾವ ಬೀಜ ಅಂತ ಕೇಳಲಿಲ್ಲ. ಸಂಜೆ ಮಳೆ ಬಂತು. ಮರುದಿನ ನಮ್ಮನೆಯವರು ಆ ದಾರಿಯಲ್ಲಿ ಹೋದಾಗ ಕಾಯಿ ಎರಡು ಹೋಳಾಗಿ ಚರಂಡಿಯ ಹತ್ತಿರ ಬಿದ್ದಿತ್ತಂತೆ. ಕಾಯಿ ಹೋದದ್ದಕ್ಕಿಂತ ಬೀಜ ಹೋಯಿತಲ್ಲ ಅಂತ ನನಗೆ ಸಂಕಟವಾಯಿತು.

ನನ್ನೊಬ್ಬಳದೇ ಕಥೆ ಅಲ್ಲ ಇದು. ಅಕ್ಕಪಕ್ಕದ ಊರುಗಳಲ್ಲಿ ಎಂಥೆಂಥ ಹೆಂಗಸರಿದ್ದಾರೆ! ಒಬ್ಬರ ಮೊಗೆಕಾಯಿ, ಅಂದರೆ ಮಂಗಳೂರು ಸೌತೆ, ಮಳೆಗಾಲದಿಂದ ಮಳೆಗಾಲದ ತನಕ ಅಟ್ಟದಲ್ಲಿ ಬಾಳೆನಾರಿನ ನೆಲುವಿನಲ್ಲಿ ತೂಗಾಡುತ್ತಿದ್ದರೂ ಕೆಡುವುದಿಲ್ಲ. ಒಬ್ಬರ ಹತ್ತಿರ ಐದು ಥರದ ಹೀರೆ ಇದೆ. ಇವರ ಹೆಸರು ಯಾವ ಆಮಂತ್ರಣ ಪತ್ರಿಕೆಯಲ್ಲೂ ಬಂದಿಲ್ಲ.

ಹಬ್ಬ ನಮಗೇನು ಕಮ್ಮಿ ಇಲ್ಲ. ಹಾಫ್ ಮೂನ್ ಬೇಯಲ್ಲಿ ಕುಂಬಳ ತೂಗುವ ಹೊತ್ತಿಗೇ ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಗರ್ಭಿಣಿ ಭೂಮಿತಾಯಿಗೆ ಬಯಕೆ ಊಟ ಬಡಿಸುವ ಹಬ್ಬ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಣ್ಣದಲ್ಲಿ ಚಿತ್ತಾರ ಬರೆದ ಭೂಮಣಿ ಬುಟ್ಟಿ. ರಾತ್ರಿಯೆಲ್ಲ ಅಡುಗೆ. ಬೆರಕೆ ಸೊಪ್ಪು, ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಪಲ್ಯ. ಬೆಳಕು ಹರಿಯುವ ಮೊದಲು ಗದ್ದೆಗೆ ಹೋಗಿ ಚರಗ ಚೆಲ್ಲುವುದು. 2023ರಲ್ಲಿ ನಾನು ಈ ಹಬ್ಬಕ್ಕೆ ಊರಲ್ಲಿ ಇರಲಿಲ್ಲ. ಫ್ರೀಮಾಂಟಿನಲ್ಲಿ ಒಂದು ರಟ್ಟಿನ ಡಬ್ಬಿಗೆ ಮೊಮ್ಮಗಳ ಕೈಯಲ್ಲಿ ಚಿತ್ತಾರ ಬರೆಸಿದೆ. ಹಾಫ್ ಮೂನ್ ಬೇಯಿಂದ ತಂದ ಸಣ್ಣ ಕುಂಬಳದಲ್ಲೇ ಕಡುಬು ಮಾಡಿ, ಅವರ ಹಿತ್ತಲಿನ ಎರಡು ಟೊಮೆಟೊ ಗಿಡದ ಬುಡಕ್ಕೆ ಎಡೆ ಇಟ್ಟೆವು. ಅಂದಹಾಗೆ, ಚೀನಿಕಾಯಿ ಅಂತ ಕರೆದರೂ ಈ ಸಿಹಿಗುಂಬಳದ ತವರು ಅಮೆರಿಕ ಖಂಡವೇ. ಆಯುಧಪೂಜೆಯ ಬೂದುಗುಂಬಳ ನಮ್ಮ ಏಷ್ಯಾದ್ದು.

ದೊಡ್ಡ ಕಾಯಿ ತಿನ್ನಲು ಬರುತ್ತದಾ, ಅದೆಲ್ಲ ದುಂದು ಅಲ್ವಾ ಅಂತ ಕೇಳುವವರಿದ್ದಾರೆ. ನಮ್ಮನೆಯವರೂ ಕೇಳಿದರು. ನಿಜ, ಆ ಕಾಯಿಯಲ್ಲಿ ನೀರೇ ಜಾಸ್ತಿ, ರುಚಿ ಇಲ್ಲ. ಅಲ್ಲಿನವರೂ ಅಡುಗೆಗೆ ಬೇರೆ ಸಣ್ಣ ತಳಿಗಳನ್ನೇ ಬಳಸುತ್ತಾರೆ. ಸಾವಿರ ಕೆಜಿಯ ಕಾಯಿ ಬೆಳೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೀಜ ತಂದ್ಯಾ ಅಂತ ಊರಲ್ಲಿ ತುಂಬ ಜನ ಕೇಳಿದರು. ತರಲಿಲ್ಲ. ಅನುಮತಿ ಇಲ್ಲದೆ ಹೊರದೇಶದ ಬೀಜ ತರುವಂತಿಲ್ಲ, ರೋಗ ಬರುತ್ತದೆ. ನಮಗೆ ಅದು ಬೇಕಾಗಿಯೂ ಇಲ್ಲ. ನಮ್ಮ ಕಾಯಿಯ ಲೆಕ್ಕವೇ ಬೇರೆ. ಹೂವು ಬಜ್ಜಿಗೆ, ಕುಡಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ, ತಿರುಳು ಹುಳಿಗೆ, ದೋಸೆಗೆ, ಬೀಜ ಹುರಿದು ಮಕ್ಕಳಿಗೆ. ಬಿಸಾಡುವುದು ತೊಟ್ಟು ಮಾತ್ರ.

ನಾನು ತರಬೇಕು ಅನ್ನುವುದು ತಕ್ಕಡಿ, ಚೀಟಿ ಮತ್ತು ಹೆಸರು ಕೂಗುವ ಆ ಕ್ರಮ. ಉತ್ತರ ಕನ್ನಡದ ಜೋಯಿಡಾದ ಗೆಡ್ಡೆ ಗೆಣಸಿನ ಮೇಳಕ್ಕೆ ಹೋದವರಿಗೆ ಗೊತ್ತಿರುತ್ತದೆ. ಬೆಳೆದ ಕುಣಬಿ ಸಮುದಾಯದ ಹೆಂಗಸರೇ ಗೆಡ್ಡೆಗಳ ಹಿಂದೆ ಕೂತಿರುತ್ತಾರೆ, ಕೇಳಿದರೆ ಒಂದೊಂದರ ಹೆಸರು, ಬೇಯಿಸುವ ಬಗೆ ಹೇಳುತ್ತಾರೆ. ಶಿರಸಿ ಕಡೆಯ ವನಸ್ತ್ರೀ ಎಂಬ ಗುಂಪಿನ ಹೆಂಗಸರು ಬೀಜ ಉಳಿಸಿ ಹಂಚುತ್ತಾ ಬಂದಿದ್ದಾರೆ. ಅಂದರೆ ದಾರಿ ಇದೆ. ಪ್ರತಿ ಪಂಚಾಯಿತಿಯಲ್ಲಿ, ಭೂಮಿ ಹುಣ್ಣಿಮೆಯ ಮರುವಾರ, ಶಾಲೆಯ ಅಂಗಳದಲ್ಲಿ ಒಂದು ಬೆಳಗ್ಗೆ ಸಾಕು. ಅಡಿಕೆ ಮಂಡಿಯ ತಕ್ಕಡಿ ಕೇಳಿ ತರುವುದು. ಚೀನಿಕಾಯಿ, ಬೂದುಗುಂಬಳ, ಮೊಗೆಕಾಯಿ, ಸುವರ್ಣಗೆಡ್ಡೆ ಏನಿದೆಯೋ ತರುವುದು. ತೂಗುವ ಕೆಲಸ ಏಳನೇ ತರಗತಿ ಮಕ್ಕಳಿಗೆ ಕೊಡಿ. ಗಣಿತವೂ ಆಗುತ್ತದೆ. ಬೆಳೆದವರ ಹೆಸರನ್ನು ಮೈಕಿನಲ್ಲಿ ಕೂಗಿ. ಗಂಡನ ಹೆಸರಲ್ಲ, ಬಳ್ಳಿಗೆ ಗೊಬ್ಬರ ಹಾಕಿದವಳ ಹೆಸರು. ಭಾಷಣ ಬೇಡ. ಶಾಲು ಇದ್ದರೆ ಅವಳಿಗೇ ಹೊದೆಸಿ. ಆಮೇಲೆ ಅಲ್ಲೇ ಕಾಯಿ ಕೊಯ್ದು ಹುಳಿ ಮಾಡಿ ಎಲ್ಲರೂ ಉಣ್ಣೋಣ. ಬೀಜವನ್ನು ಅವಳ ಕೈಯಿಂದಲೇ ಹಂಚಿಸಿ, ಪೊಟ್ಟಣದ ಮೇಲೆ ಅವಳ ಹೆಸರು, ಊರು, ವರ್ಷ ಬರೆಯಿರಿ.

ಸಂಪಾದಕರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಇನ್ನು ಮುಂದೆ ಎಲ್ಲಾದರೂ ದೊಡ್ಡ ಗೆಣಸು, ಎತ್ತರದ ಬಾಳೆಗೊನೆ, ಅಪರೂಪದ ಹಲಸಿನ ಚಿತ್ರ ಹಾಕಿದರೆ ಬೆಳೆದವರ ಹೆಸರು ಹಾಕಿ. ಬೀಜ, ಬಳ್ಳಿ ಎಲ್ಲಿಂದ ಬಂತು ಅಂತ ಅರ್ಧ ಸಾಲು ಸೇರಿಸಿ. ಜಾಗ ಜಾಸ್ತಿ ಬೇಡ. ಮೇಳಗಳ ವರದಿ ಬರೆಯುವಾಗ ಉದ್ಘಾಟಕರ ಹೆಸರು ಇರುವಷ್ಟೇ ದೊಡ್ಡದಾಗಿ ತರಕಾರಿ ತಂದವರ ಹೆಸರೂ ಇರಲಿ. ನಿಮ್ಮ ಪತ್ರಿಕೆಯನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಓದುತ್ತಿದ್ದೇವೆ. ಆ ಸಲಿಗೆಯಿಂದ ಕೇಳುತ್ತಿದ್ದೇನೆ.

ಈ ವರ್ಷ ನನ್ನ ಬಳ್ಳಿಯ ದೊಡ್ಡ ಕಾಯಿ ಹದಿನಾಲ್ಕು ಕೆಜಿ. ಮಳೆ ಜಾಸ್ತಿಯಾಗಿ ಎಷ್ಟೋ ಮಿಡಿ ಕೊಳೆತು ಹೋದವು, ಹಣ್ಣುನೊಣ ಬೇರೆ. ಕೊಯ್ದು ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಒಣಗಿಸಿದ್ದೇನೆ. ಅರ್ಧವನ್ನು ನನ್ನ ಅತ್ತೆ ಮಾಡುತ್ತಿದ್ದ ಹಾಗೆ ಸೆಗಣಿಯಲ್ಲಿ ಹುದುಗಿಸಿ ಕೊಟ್ಟಿಗೆಯ ಗೋಡೆಗೆ ಬಡಿದಿದ್ದೇನೆ. ಉಳಿದ ಅರ್ಧ ಹಂಚಲು. ಈ ಬೀಜ ನನ್ನ ಅತ್ತೆ ತವರಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಪೊಟ್ಟಣದ ಮೇಲೆ ಅವರ ಹೆಸರನ್ನೇ ಬರೆದಿದ್ದೇನೆ. ಮಳೆಗಾಲಕ್ಕೆ ಮೊದಲು ಊರಿನ ಕಡೆ ಬಂದವರು ಕೇಳಿ ತೆಗೆದುಕೊಂಡು ಹೋಗಬಹುದು.

ಇಂತಿ,
ನಿವೃತ್ತ ಶಿಕ್ಷಕಿ, ನಿಮ್ಮ ಹಳೆಯ ಓದುಗಾರ್ತಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ